ಲೆಕ್ಕ ಕ್ಲೌಡ್‌ನಲ್ಲಿ, ಹೊಣೆ ನೆಲದಲ್ಲಿ

ಸಿಂಧನೂರಿನ ಅಕ್ಕಿ ಗಿರಣಿಯಲ್ಲಾಗಲಿ, ಲಿಂಗಸುಗೂರಿನ ದಲಾಲಿ ಅಂಗಡಿಯಲ್ಲಾಗಲಿ ವ್ಯವಹಾರವು ಹಿಂದೆ ಕಿರ್ದಿ-ಖಾತೆ ಪುಸ್ತಕಗಳಲ್ಲಿರುತ್ತಿತ್ತು. ಬೀಗದ ಕೈ ಯಜಮಾನನಲ್ಲಿರುತ್ತಿತ್ತು. ಆ ಲೆಕ್ಕವನ್ನು ಕ್ಲೌಡ್‌ಗೆ ಒಪ್ಪಿಸುವುದೆಂದರೆ ದೂರದ ದತ್ತಾಂಶ ಕೇಂದ್ರದ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆಯುವುದು. ಯಂತ್ರಗಳ ರಕ್ಷಣೆ ಬಾಡಿಗೆಗೆ ಕೊಟ್ಟವರ ಹೊಣೆ. ಯಾರು ಬರೆಯಬೇಕು, ಯಾರು ನೋಡಬೇಕು ಎಂಬ ನಿರ್ಣಯ ಯಜಮಾನನದೇ.

ಕ್ಲೌಡ್ ಎಂಬ ಮಾತು ಬಳಕೆಗೆ ಬರುವ ಮೊದಲೇ ಕರ್ನಾಟಕದ ‘ಭೂಮಿ’ ಯೋಜನೆ ಈ ಶಿಸ್ತನ್ನು ತೋರಿತು. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಆ ಯೋಜನೆಯಲ್ಲಿ, ದಾಖಲೆ ತಿದ್ದುವ ಅಧಿಕಾರಿಯನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಡಿತ್ತು. ಕೇಂದ್ರದ ಸರ್ಟ್-ಇನ್ ಸಂಸ್ಥೆಯೂ 2022ರಲ್ಲಿ, ಕಂಪ್ಯೂಟರ್ ವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದು ವಿಧಿಸಿತು.

ಆದುದರಿಂದ ಒಂದೇ ಪಾಸ್‌ವರ್ಡನ್ನು ಹಲವರು ಬಳಸಬಾರದು. ಕೆಲಸ ಬಿಟ್ಟ ಗುಮಾಸ್ತನ ಪ್ರವೇಶಾಧಿಕಾರವನ್ನು ಅಂದೇ ರದ್ದುಪಡಿಸತಕ್ಕದ್ದು. ಲೆಕ್ಕದ ಪ್ರತಿಯೊಂದನ್ನು ಬೇರೆಡೆ ಇರಿಸಿ, ಅದು ಮರಳಿ ತೆರೆಯುವುದೇ ಎಂದು ಆಗಾಗ ಪರೀಕ್ಷಿಸತಕ್ಕದ್ದು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರಿದ್ದುದರಿಂದ ‘ದೇವಾನಾಂಪ್ರಿಯ’ನು ಯಾರೆಂಬುದು ಖಚಿತವಾಯಿತು. ಬರಹವು ಬಂಡೆಯ ಮೇಲಿರಲಿ, ಕ್ಲೌಡ್‌ನಲ್ಲಿರಲಿ, ಬರೆಸಿದವರ ಹೆಸರು ಉಳಿದಾಗಲೇ ಅದಕ್ಕೆ ಪ್ರಾಮಾಣ್ಯ.