ಕಟ್ಟಿದವರು ಮತ್ತು ಬಂದವರು

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಹಾಸುಗಲ್ಲಿನ ಸಣ್ಣ ಗಣಿಗಳಲ್ಲಿ ಕೆಲಸ ಮಾಡಿಸುವವನೂ ಲೆಕ್ಕ ಬರೆಯುವವನೂ ಗಿರಾಕಿಯನ್ನು ಹುಡುಕುವವನೂ ಅನೇಕ ವೇಳೆ ಒಡೆಯನೊಬ್ಬನೇ. ವಾಡಿಯ ಸಿಮೆಂಟ್ ಕಾರ್ಖಾನೆ ಹಾಗೆ ನಡೆಯಲಾರದು. ಅಲ್ಲಿ ಸುಣ್ಣದ ಕಲ್ಲನ್ನು ಪರೀಕ್ಷಿಸಲು ರಸಾಯನಶಾಸ್ತ್ರ ಬಲ್ಲವರು, ಯಂತ್ರಗಳಿಗೆ ಇಂಜಿನಿಯರರು, ಹಣಕ್ಕೆ ಲೆಕ್ಕಿಗರು ಬೇಕು. ಚಿಕ್ಕ ಉದ್ಯಮ ದೊಡ್ಡದಾಗುವಾಗ ಅದನ್ನು ಕಟ್ಟಿದವರು ತಮಗಿಂತ ಹೆಚ್ಚು ಬಲ್ಲವರನ್ನು ಕರೆಯಬೇಕಾಗುತ್ತದೆ.

ನಮ್ಮ ನಾಡಿನ ಇನ್ಫೋಸಿಸ್ ಕಂಪನಿಯನ್ನೇ ನೋಡಿರಿ. ಎನ್. ಆರ್. ನಾರಾಯಣಮೂರ್ತಿಯವರೂ ಆರು ಮಂದಿ ಸಂಗಡಿಗರೂ 1981ರಲ್ಲಿ ಪುಣೆಯಲ್ಲಿ ಅದನ್ನು ಆರಂಭಿಸಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. ಅವರು ಗಣಕಯಂತ್ರದ ವಿದ್ಯೆಯಲ್ಲಿ ನಿಪುಣರು. ಆದರೆ 1993ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿದ ಮೇಲೆ ಪರರ ಹಣಕ್ಕೆ ಲೆಕ್ಕ ಒಪ್ಪಿಸುವ ಹೊಣೆ ಹೆಗಲೇರಿತು. 1994ರಲ್ಲಿ ಲೆಕ್ಕಪರಿಶೋಧಕರಾದ ಟಿ. ವಿ. ಮೋಹನದಾಸ್ ಪೈ ಕಂಪನಿಯನ್ನು ಸೇರಿ, ಮುಂದೆ ಹಣಕಾಸಿನ ಮುಖ್ಯಸ್ಥರಾದರು. 1999ರಲ್ಲಿ ಕಂಪನಿಯ ಷೇರುಗಳು ಅಮೆರಿಕದ ನಾಸ್ಡಾಕ್ ಪೇಟೆಯನ್ನು ಪ್ರವೇಶಿಸಿದವು.

ಹೊರಗಿನ ಹಿರಿಯರನ್ನು ಕರೆತರುವುದು ಸುಲಭ. ಅವರಿಗೆ ಮೇಲಿನ ಪೀಠವನ್ನು ಬಿಟ್ಟುಕೊಡುವುದು ಕಠಿಣ. ಹಗಲಿರುಳು ದುಡಿದ ಮೊದಲಿಗರಿಗೆ ನೋವಾಗುವುದು ಸಹಜವೇ. 2014ರಲ್ಲಿ ಸ್ಥಾಪಕರಲ್ಲದ ಮೊದಲ ಮುಖ್ಯ ಕಾರ್ಯನಿರ್ವಾಹಕರಾಗಿ ವಿಶಾಲ್ ಸಿಕ್ಕಾ ಬಂದರು. ಕೆಲವು ಸ್ಥಾಪಕರಿಗೂ ಆಡಳಿತ ಮಂಡಳಿಗೂ ಭಿನ್ನಾಭಿಪ್ರಾಯ ಬೆಳೆಯಿತು. 2017ರಲ್ಲಿ ಅವರು ಹುದ್ದೆಯನ್ನು ತೊರೆದರು. ಆದರೂ ಕಂಪನಿ ಬಾಗಿಲನ್ನು ಮುಚ್ಚಲಿಲ್ಲ. 2018ರ ಜನವರಿಯಲ್ಲಿ ಆ ಪೀಠವನ್ನೇರಿದ ಸಲೀಲ್ ಪಾರೇಖ್ ಕೂಡ ಹೊರಗಿನಿಂದಲೇ ಬಂದವರು.