ಡಬ್ಬಿಗೆ ರಾಗಿ ರೊಟ್ಟಿ, ರಾತ್ರಿಗೆ ಮುದ್ದೆ

ನಂಗಲಿಯಿಂದ ಬೆಳಗಿನ ಬಸ್ಸು ಹಿಡಿದು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಓಡುವ ನಿಮ್ಮ ಹೊಟ್ಟೆಗೆ ಮಧ್ಯಾಹ್ನ ಬೀಳುವುದು ಒಂದು ಪಫ್ಸ್, ಒಂದು ಟೀ ಎಂದು ನಿಮ್ಮ ಪತ್ರದಲ್ಲಿ ಓದಿ ಸಂಕಟವಾಯಿತು. ಮೂರು ಗಂಟೆಯ ತರಗತಿಯಲ್ಲಿ ತಲೆನೋವು ಬರುವುದರಲ್ಲಿ ಆಶ್ಚರ್ಯವಿಲ್ಲ. ಮಾತ್ರೆಗಿಂತ ಮೊದಲು ಊಟ ಸರಿಮಾಡಿಕೊಳ್ಳಿ.

ಮುದ್ದೆ ಡಬ್ಬಿಯಲ್ಲಿ ಗಟ್ಟಿಯಾಗುತ್ತದೆ, ಗೆಳತಿಯರೆದುರು ನಾಚಿಕೆ ಎಂದಿದ್ದೀರಿ. ಗಟ್ಟಿಯಾಗುವುದು ನಿಜ, ನಾಚಿಕೆಗೆ ಕಾರಣವೇ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆಯನ್ನು ರಾತ್ರಿ ಮನೆಯಲ್ಲಿ ಬಸ್ಸಾರಿನ ಜೊತೆ ಬಿಸಿಬಿಸಿಯಾಗಿ ಉಣ್ಣಿ. ಡಬ್ಬಿಗೆ ನುಗ್ಗೆಸೊಪ್ಪು, ಈರುಳ್ಳಿ ಹಾಕಿ ತಟ್ಟಿದ ರಾಗಿ ರೊಟ್ಟಿ, ಪಕ್ಕಕ್ಕೆ ಹುರುಳಿ ಇಲ್ಲವೇ ಅಲಸಂದೆ ಕಾಳಿನ ಪಲ್ಯ. ಅವರೆಕಾಯಿ ಕಾಲ ಬಂದರಂತೂ ನಮ್ಮ ಕಡೆ ಯೋಚಿಸಬೇಕಾದ್ದೇ ಇಲ್ಲ. ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿದರೆ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ.

ಟೀ ಬಿಡಬೇಕಿಲ್ಲ. ಆದರೆ ಊಟದ ಜೊತೆಗೇ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆ ತಡೆಯಿರಿ. ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ, ಅದು ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಡಬ್ಬಿ ಆಗದ ದಿನ ಪಫ್ಸ್ ಬದಲು ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ ಸಾಕು.

ಇಷ್ಟಾದರೂ ಒಂದು ತಿಂಗಳಲ್ಲಿ ತಲೆನೋವು ಇಳಿಯದಿದ್ದರೆ ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.