ದಾದಾರ ಗಡಿಯಾರ ಕಲಿಸಿದ ಪಾಠ

ಭಾಲ್ಕಿಯಲ್ಲಿದ್ದ ನಮ್ಮ ದಾದಾ ತೀರಿಕೊಂಡ ಮೇಲೆ ಅವರ ಎಚ್‌ಎಂಟಿ ಜನತಾ ಕೈಗಡಿಯಾರ ನನ್ನ ಪಾಲಿಗೆ ಬಂತು. ಆದರೆ ಅದು ನಿಂತುಹೋಗಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಇನ್ನು ಇದ್ದುದನ್ನು ಉಳಿಸಿಕೊಳ್ಳುವುದೇ ದಾರಿ.

ಈ ಗಡಿಯಾರಕ್ಕೆ ಸೆಲ್ ಬೇಡ. ಚಾವಿ ಕೊಟ್ಟಾಗ ಮುಖ್ಯ ಸ್ಪ್ರಿಂಗ್ ಸುತ್ತಿಕೊಂಡು ಶಕ್ತಿಯನ್ನು ಕೂಡಿಡುತ್ತದೆ. ಹಲ್ಲಿನ ಗಾಲಿಗಳು ಆ ಶಕ್ತಿಯನ್ನು ಬ್ಯಾಲೆನ್ಸ್ ಚಕ್ರಕ್ಕೆ ಮುಟ್ಟಿಸುತ್ತವೆ. ಕೂದಲೆಳೆಯಷ್ಟು ಸಣ್ಣ ಹೇರ್‌ಸ್ಪ್ರಿಂಗ್ ಆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತೂಗಿಸುತ್ತದೆ. ಸೆಕೆಂಡಿಗೆ 5 ಟಿಕ್, ದಿನಕ್ಕೆ 4,32,000!

ನಾನು ಅವಸರಪಟ್ಟು ಹಿಂದಿನ ಮುಚ್ಚಳ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಗಡಿಯಾರ ಓಡಿತು. ಆದರೆ ಸಂಜೆಯೊಳಗೆ ಒಂದು ಗಂಟೆ ಮುಂದೆ ಹೋಗಿತ್ತು. ಬೀದರಿನಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. "ಎಣ್ಣಿ ಭಾಳ ಹಾಕೀದಿ ಬೇಟಾ, ಸ್ಪ್ರಿಂಗಿನ ಸುರುಳಿ ಅಂಟಿಕೊಂಡಾವ" ಎಂದರು.

ಸುರುಳಿಗಳು ಅಂಟಿದರೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾಗುತ್ತದೆ, ಬಿಗಿ ಹೆಚ್ಚುತ್ತದೆ, ಚಕ್ರ ಬೇಗ ಬೇಗ ತೂಗುತ್ತದೆ. ಭೌತಶಾಸ್ತ್ರದ ಆಂದೋಲನದ ಪಾಠ ನನಗೆ ಅಂದು ಅರ್ಥವಾಯಿತು. ಅವರು ಎಲ್ಲ ಭಾಗ ಬಿಚ್ಚಿ, ತೊಳೆದು, ಒಣಗಿಸಿ, ಗಾಲಿಗಳ ಅಚ್ಚು ತಿರುಗುವ ಕಡೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ಇಟ್ಟರು. ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಕಿಸಲೇ ಇಲ್ಲ.

ಈಗ ರಜೆಯ ದಿನ ಅವರ ಪಕ್ಕ ಕುಳಿತು ಕಲಿಯುತ್ತಿದ್ದೇನೆ: ಬಿಳಿ ಬಟ್ಟೆ ಹಾಸಬೇಕು, ಬಿಚ್ಚಿದ ಪ್ರತಿ ಸ್ಕ್ರೂವಿನ ಜಾಗ ಬರೆದಿಡಬೇಕು, ಜೋಡಿಸಿದ ಮೇಲೆ 24 ಗಂಟೆ ಸಮಯ ಹೋಲಿಸಿ ನೋಡಬೇಕು.

ಭಾಲ್ಕಿಗೆ ಹೋದಾಗ ದಾದಿ ಗಡಿಯಾರವನ್ನು ಕಿವಿಗೆ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ಗೆಳೆಯರೇ, ನಿಮ್ಮ ಮನೆಯಲ್ಲೂ ನಿಂತ ಗಡಿಯಾರವಿದ್ದರೆ ಎಸೆಯಬೇಡಿ. ನನ್ನಂತೆ ಎಣ್ಣೆಯನ್ನೂ ಸುರಿಯಬೇಡಿ. ಮೊದಲು ಬಲ್ಲವರನ್ನು ಕೇಳಿ.